ಹತ್ತು ನಿಮಿಷದ ನಿಲುಗಡೆ: ನಾರ್ತ್ ಪ್ಲ್ಯಾಟ್ ಕ್ಯಾಂಟೀನಿನ ಪ್ರಕರಣ

ಎರಡನೇ ಮಹಾಯುದ್ಧ ಅಮೆರಿಕದ ಒಳನಾಡಿನ ಜನರ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ರೈಲುಗಳಲ್ಲಿ. ಹಳ್ಳಿಯ ಹುಡುಗರು ತರಬೇತಿ ಶಿಬಿರಕ್ಕೆ, ಶಿಬಿರದಿಂದ ಬಂದರಿಗೆ, ಗಾಯಗೊಂಡರೆ ಬಂದರಿನಿಂದ ಆಸ್ಪತ್ರೆಗೆ ಹೋದದ್ದು ರೈಲಿನಲ್ಲೇ. ನೆಬ್ರಾಸ್ಕ ರಾಜ್ಯದ ನಾರ್ತ್ ಪ್ಲ್ಯಾಟ್ ಎಂಬ ಊರು ಹೀಗೆ ಹಾದುಹೋಗುವ ಸೈನಿಕರಿಗೆ 1941ರ ಡಿಸೆಂಬರ್ 25ರಿಂದ 1946ರ ಏಪ್ರಿಲ್ 1ರವರೆಗೆ ಕಾಫಿ, ತಿಂಡಿ, ಹಣ್ಣು, ಸಿಗರೇಟು ಕೊಟ್ಟಿತು. ಊರಿನ ಜನಸಂಖ್ಯೆ ಸುಮಾರು 12,000. ತಿಂದವರು 60 ಲಕ್ಷಕ್ಕೂ ಹೆಚ್ಚು. ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಈ ಸಂಗತಿಯನ್ನು ಹೇಳುವವರೆಲ್ಲ ಹೃದಯವಂತಿಕೆಯ ಕಥೆಯಾಗಿ ಹೇಳುತ್ತಾರೆ. ಅದು ಹೃದಯವಂತಿಕೆಯೇ, ಸಂದೇಹವಿಲ್ಲ. ಆದರೆ ಮೊದಲ ವಾರದ ಉತ್ಸಾಹ ಎಲ್ಲ ಊರಿನಲ್ಲೂ ಇರುತ್ತದೆ. ಸಕ್ಕರೆಗೆ ರೇಷನ್, ಪೆಟ್ರೋಲಿಗೆ ರೇಷನ್, ಮನೆಯ ಗಂಡಸರು ಯುದ್ಧದಲ್ಲಿ. ಇಷ್ಟೆಲ್ಲದರ ನಡುವೆ ನಾಲ್ಕೂಕಾಲು ವರ್ಷ ಒಂದು ದಿನವೂ ಬಾಗಿಲು ಹಾಕದೆ ನಡೆಸಿದ್ದು ಹೇಗೆ ಎಂಬುದೇ ನನ್ನ ಪ್ರಶ್ನೆ. ನನ್ನ ಮಟ್ಟಿಗೆ ಇದಕ್ಕೆ ಉತ್ತರ ಏರ್ಪಾಟಿನಲ್ಲಿದೆ.

ರೈಲುಗಳು ಅಷ್ಟು ತುಂಬಿದ್ದು ಯಾಕೆ

ಮೊದಲು ರಬ್ಬರಿನಿಂದ ಶುರುಮಾಡಬೇಕು. 1942ರ ಮೊದಲ ತಿಂಗಳುಗಳಲ್ಲಿ ಮಲಯ ಮತ್ತು ಡಚ್ಚರ ಈಸ್ಟ್ ಇಂಡೀಸ್ ಜಪಾನಿನ ಕೈಸೇರಿದವು. ಅಮೆರಿಕಕ್ಕೆ ಬರುತ್ತಿದ್ದ ರಬ್ಬರಿನಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಹಾಗಾಗಿ ಆ ದೇಶದಲ್ಲಿ ಮೊದಲು ರೇಷನ್ ಆದದ್ದು ಟೈರು. ಫೆಬ್ರವರಿಯಲ್ಲಿ ಜನರಿಗಾಗಿ ಕಾರು ತಯಾರಿಸುವುದೇ ನಿಂತಿತು. ಅದೇ ವರ್ಷದ ಡಿಸೆಂಬರಿನಿಂದ ಇಡೀ ದೇಶದಲ್ಲಿ ಪೆಟ್ರೋಲಿಗೂ ರೇಷನ್ ಬಂತು. ಪೆಟ್ರೋಲ್ ಉಳಿಸುವುದಕ್ಕಿಂತ ಹೆಚ್ಚಾಗಿ ಟೈರು ಸವೆಯದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 35 ಮೈಲಿಗೆ ಇಳಿಯಿತು.

ಕಾರು ಮನೆಯಲ್ಲಿ ನಿಂತಿತು, ಜನ ರೈಲು ನಿಲ್ದಾಣಕ್ಕೆ ಬಂದರು. ಅಟ್ಲಾಂಟಿಕ್ ಕರಾವಳಿಯಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ತೈಲದ ಹಡಗುಗಳನ್ನು ಮುಳುಗಿಸತೊಡಗಿದ ಮೇಲೆ ತೈಲವೂ ರೈಲು ಹತ್ತಿತು. ಇದರ ಮೇಲೆ ಸೇನೆ. ಒಟ್ಟಾಗಿ ಸಾಗಿದ ಸೈನಿಕರಲ್ಲಿ ಹೆಚ್ಚುಕಡಿಮೆ ಎಲ್ಲರೂ, ನೂರಕ್ಕೆ 97 ಮಂದಿ, ರೈಲಿನಲ್ಲೇ ಹೋದರು. ಪ್ರಯಾಣಿಕರ ಸಂಖ್ಯೆಯನ್ನೂ ಅವರು ಹೋದ ದೂರವನ್ನೂ ಸೇರಿಸಿ ಲೆಕ್ಕ ಹಾಕಿದರೆ 1944ರ ರೈಲು ಪ್ರಯಾಣ 1940ರದ್ದಕ್ಕಿಂತ ಸುಮಾರು ನಾಲ್ಕು ಪಟ್ಟು. ಬೋಗಿಗಳೇನೂ ನಾಲ್ಕು ಪಟ್ಟಾಗಿರಲಿಲ್ಲ. ಉಕ್ಕು ಟ್ಯಾಂಕಿಗೂ ಹಡಗಿಗೂ ಹೋಗುತ್ತಿತ್ತು.

ಸೈನಿಕರನ್ನು ಹೇಗೆ ತುಂಬುತ್ತಿದ್ದರು ಎಂದರೆ, ಪುಲ್‌ಮನ್ ಕಂಪನಿಯ ಮಲಗುವ ಬೋಗಿಗಳಲ್ಲಿ ಕೆಳಗಿನ ಬರ್ತಿಗೆ ಇಬ್ಬರು, ಮೇಲಿನದಕ್ಕೆ ಒಬ್ಬ. ಅದೂ ಸಾಲದೆ 1943ರಲ್ಲಿ ಗೂಡ್ಸ್ ವ್ಯಾಗನ್ನಿನ ಮಾದರಿಯಲ್ಲೇ ಹೊಸ ಬೋಗಿಗಳನ್ನು ಕಟ್ಟತೊಡಗಿದರು. ಒಂದರ ಮೇಲೊಂದು ಮೂರು ಅಂತಸ್ತು, ಒಟ್ಟು 30 ಮಂಚ. ಇಂಥ 2,400 ಬೋಗಿಗಳು ತಯಾರಾದವು. ಎಷ್ಟೋ ಸೈನಿಕರಿಗೆ ಅದೂ ಸಿಗದೆ ದಿನಗಟ್ಟಲೆ ಸಾದಾ ಬೋಗಿಯಲ್ಲಿ ಕೂತೇ ಹೋಗಬೇಕಾಯಿತು.

ಸೈನಿಕರಲ್ಲದ ಸಾಮಾನ್ಯ ಜನರ ಪ್ರಯಾಣಕ್ಕೆ ಸರಕಾರ ಟಿಕೆಟ್ ರೇಷನ್ ತರಲೇ ಇಲ್ಲ. ಮೊದಲನೇ ಮಹಾಯುದ್ಧದಲ್ಲಿ, 1917ರ ಕೊನೆಗೆ, ರೈಲು ಕಂಪನಿಗಳನ್ನು ಸರಕಾರವೇ ವಹಿಸಿಕೊಂಡಿತ್ತು. ಈ ಸಲ, ಮುಷ್ಕರದ ಭಯದಿಂದ 1943ರ ಕೊನೆಯಲ್ಲಿ ಮೂರು ವಾರ ವಹಿಸಿಕೊಂಡದ್ದು ಬಿಟ್ಟರೆ, ಕಂಪನಿಗಳೇ ನಡೆಸಿದವು. ಮೇಲ್ವಿಚಾರಣೆಗೆ ಜೋಸೆಫ್ ಈಸ್ಟ್‌ಮನ್ ನೇತೃತ್ವದ ರಕ್ಷಣಾ ಸಾರಿಗೆ ಕಚೇರಿ ಇತ್ತು. ‘ಲಕ್ಷಾಂತರ ಸೈನಿಕರು ಓಡಾಟದಲ್ಲಿದ್ದಾರೆ, ನಿಮ್ಮ ಪ್ರಯಾಣ ಅಗತ್ಯವೇ?’ ಎಂದು ಗೋಡೆಗೋಡೆಗೂ ಚೀಟಿ ಅಂಟಿಸಿ ಕೇಳಿದ್ದು ಈ ಕಚೇರಿಯೇ. ಜನ ಓದಿದರು, ಆದರೂ ಹೊರಟರು. ಹೊರಟವರನ್ನು ದೂರಲು ನನಗೆ ಮನಸ್ಸಿಲ್ಲ. ಅವರಲ್ಲಿ ದೊಡ್ಡ ಪಾಲು ಕಂಕುಳಲ್ಲಿ ಕೂಸು ಹೊತ್ತು, ಗಂಡ ಹಡಗು ಹತ್ತುವ ಮೊದಲು ಒಮ್ಮೆ ನೋಡೋಣವೆಂದು ಶಿಬಿರದಿಂದ ಶಿಬಿರಕ್ಕೆ ಅಲೆಯುತ್ತಿದ್ದ ಹೆಣ್ಣುಮಕ್ಕಳು. ಸೀಟು ಸಿಗದೆ ಬೋಗಿಯ ನಡುವಿನ ದಾರಿಯಲ್ಲಿ ಸೂಟ್‌ಕೇಸಿನ ಮೇಲೆ ಕೂತು ರಾತ್ರಿ ಕಳೆದವರು. ಅವರಿಗಿಂತ ಅಗತ್ಯದ ಪ್ರಯಾಣ ಇನ್ನಾರದು?

ಬೇಸ್‌ಬಾಲ್ ತಂಡಗಳಿಗೆ ಮಾತ್ರ ಈಸ್ಟ್‌ಮನ್ ಹೇಳಿದ್ದು ನಾಟಿತು. 1943ರಿಂದ ವಸಂತಕಾಲದ ತರಬೇತಿಗೆ ಫ್ಲಾರಿಡಾದ ಬಿಸಿಲಿಗೆ ಹೋಗುವುದನ್ನು ಬಿಟ್ಟು ಆಟಗಾರರು ಉತ್ತರದ ಚಳಿಯಲ್ಲೇ ಅಭ್ಯಾಸ ಮಾಡಿದರು.

ಎಂಜಿನ್ನಿಗೆ ನೀರು ಬೇಕಿತ್ತು

ನಾರ್ತ್ ಪ್ಲ್ಯಾಟಿನಲ್ಲಿ ರೈಲು ನಿಲ್ಲುತ್ತಿದ್ದುದು ಎಂಜಿನ್ನಿನ ಅಗತ್ಯಕ್ಕೆ. ಊರು ಹುಟ್ಟಿದ್ದೇ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿ 1866ರಲ್ಲಿ ಅಲ್ಲಿಗೆ ಬಂದಾಗ. ಪೂರ್ವದಿಂದ ಪಶ್ಚಿಮ ಕರಾವಳಿಗೆ ಹೋಗುವ ಮುಖ್ಯ ಮಾರ್ಗದಲ್ಲಿ ಅದು ವಿಭಾಗದ ಗಡಿ ನಿಲ್ದಾಣ. ಉಗಿ ಎಂಜಿನ್ನಿಗೆ ನೀರು ತುಂಬಬೇಕು, ಗಾಲಿ ಮತ್ತು ಕೀಲುಗಳಿಗೆ ಎಣ್ಣೆ ಹಾಕಬೇಕು, ಡ್ರೈವರ್ ಮತ್ತು ಗಾರ್ಡ್ ಬದಲಾಗಬೇಕು. ನಮ್ಮಲ್ಲಿ ಅರಸೀಕೆರೆ, ಗುಂತಕಲ್ಲುಗಳಲ್ಲಿ ಉಗಿಬಂಡಿಯ ಕಾಲ ಕಂಡವರಿಗೆ ಈ ನಿಲುಗಡೆ ಗೊತ್ತು. ನಾರ್ತ್ ಪ್ಲ್ಯಾಟಿನಲ್ಲಿ ಇದಕ್ಕೆ ಹತ್ತರಿಂದ ಹದಿನೈದು ನಿಮಿಷ ಹಿಡಿಯುತ್ತಿತ್ತು.

ಈ ಹತ್ತು ನಿಮಿಷ ಮೊದಲೂ ಇತ್ತು. ಅದರಲ್ಲಿ ಏನಾದರೂ ಮಾಡಬಹುದು ಎಂದು ಹೊಳೆದದ್ದು ಒಂದು ತಪ್ಪು ಸುದ್ದಿಯಿಂದ.

ಅಮೆರಿಕವನ್ನು ಯುದ್ಧಕ್ಕೆಳೆದ, ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲಿನ ಜಪಾನಿನ ದಾಳಿಯಾಗಿ ಹತ್ತು ದಿನ ಕಳೆದಿತ್ತು. ನೆಬ್ರಾಸ್ಕದ ನ್ಯಾಷನಲ್ ಗಾರ್ಡಿನ ‘ಡಿ’ ಕಂಪನಿ, ಅಂದರೆ ಊರಿನದೇ ಹುಡುಗರ ಪಡೆ, ಡಿಸೆಂಬರ್ 17ರಂದು ಈ ದಾರಿಯಲ್ಲಿ ಹೋಗುತ್ತದೆ ಎಂದು ಬಾಯಿಂದ ಬಾಯಿಗೆ ಹಬ್ಬಿತು. ನೂರಾರು ಜನ ಕ್ರಿಸ್ಮಸ್ ಉಡುಗೊರೆ, ಮಿಠಾಯಿ, ಸಿಗರೇಟು ಹಿಡಿದು ನಿಲ್ದಾಣದಲ್ಲಿ ಚಳಿಯಲ್ಲಿ ಕಾದರು. ಸಂಜೆಯ ಹೊತ್ತಿಗೆ ರೈಲು ಬಂತು. ಕಿಟಕಿಯಲ್ಲಿ ಕಂಡ ಮುಖಗಳಲ್ಲಿ ಒಂದೂ ಪರಿಚಿತವಲ್ಲ. ಬಂದದ್ದೂ ‘ಡಿ’ ಕಂಪನಿಯೇ, ಆದರೆ ಪಕ್ಕದ ಕ್ಯಾನ್ಸಸ್ ರಾಜ್ಯದ್ದು.

ಮಗನಿಗೆಂದು ತಂದದ್ದನ್ನು ಯಾರದೋ ಮಗನಿಗೆ ಕೊಡುವುದು ಸುಲಭವಲ್ಲ. ಸ್ವಲ್ಪ ಹೊತ್ತು ಜನ ಸುಮ್ಮನೆ ನಿಂತಿದ್ದರಂತೆ. ಆಮೇಲೆ ತಂದದ್ದನ್ನೆಲ್ಲ ಕ್ಯಾನ್ಸಸ್‌ನ ಹುಡುಗರ ಕೈಗೆ ಕೊಟ್ಟರು.

ಆ ಗುಂಪಿನಲ್ಲಿ ರೇ ವಿಲ್ಸನ್ ಇದ್ದಳು. ವಯಸ್ಸು 26, ಅಂಗಡಿಯಲ್ಲಿ ಕೆಲಸ. ಬರಬೇಕಿದ್ದ ನೆಬ್ರಾಸ್ಕದ ಕಂಪನಿಯ ನಾಯಕ ಅವಳ ಅಣ್ಣನೇ. ಮರುದಿನದ ‘ಡೈಲಿ ಬುಲೆಟಿನ್’ ಪತ್ರಿಕೆಯಲ್ಲಿ ಅವಳ ಪತ್ರ ಬಂತು. ಆ ಸೈನಿಕರ ಉತ್ಸಾಹ ನೋಡಬೇಕಿತ್ತು, ನಾವೂ ಸುತ್ತಲಿನ ಊರಿನವರೂ ಸೇರಿ ನಿಧಿ ಕೂಡಿಸಿ ಒಂದು ಕ್ಯಾಂಟೀನ್ ಯಾಕೆ ತೆರೆಯಬಾರದು, ಸಂಬಳವಿಲ್ಲದೆ ನಾನು ನಡೆಸುತ್ತೇನೆ ಎಂಬುದು ಅದರ ಸಾರ. ಈ ಪತ್ರದಲ್ಲಿ ನಾನು ಮೆಚ್ಚುವುದು ‘ಸುತ್ತಲಿನ ಊರಿನವರೂ’ ಎಂದು ಅವಳು ಮೊದಲ ದಿನವೇ ಸೇರಿಸಿದ್ದನ್ನು. ಒಂದೇ ಊರಿನ ಕೈಲಿ ಆಗುವ ಕೆಲಸ ಇದಲ್ಲ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಒಂದೇ ವಾರಕ್ಕೆ, ಕ್ರಿಸ್ಮಸ್ ರಾತ್ರಿ, ಮೊದಲ ರೈಲಿಗೆ ಉಪಚಾರ ನಡೆಯಿತು.

ಜಾಗ ಸಿಕ್ಕಿದ್ದು ಅದೃಷ್ಟ ಎನ್ನಬೇಕು. ಯೂನಿಯನ್ ಪೆಸಿಫಿಕ್‌ನ ಅಧ್ಯಕ್ಷ ವಿಲಿಯಂ ಜೆಫರ್ಸ್ ಇದೇ ಊರಿನವನು, ಹುಡುಗನಾಗಿದ್ದಾಗ ಕಂಪನಿಯಲ್ಲಿ ಸಣ್ಣ ಕೆಲಸಕ್ಕೆ ಸೇರಿ ಮೇಲೆ ಬಂದವನು. ನಿಲ್ದಾಣದೊಳಗಿನ ಊಟದ ಕೋಣೆಯನ್ನು ಕ್ಯಾಂಟೀನಿಗೆ ಬಿಟ್ಟುಕೊಟ್ಟ. ಪ್ಲಾಟ್‌ಫಾರಂನಿಂದ ಎರಡು ಹೆಜ್ಜೆ. ಕೋಣೆ ರಸ್ತೆಯ ಆಚೆ ಇದ್ದಿದ್ದರೆ ಹತ್ತು ನಿಮಿಷದಲ್ಲಿ ಅರ್ಧ ಹೋಗಿಬರುವುದಕ್ಕೇ ಕಳೆಯುತ್ತಿತ್ತು. 1942ರ ಸೆಪ್ಟೆಂಬರಿನಲ್ಲಿ ಇದೇ ಜೆಫರ್ಸ್‌ನನ್ನು ಅಧ್ಯಕ್ಷ ರೂಸ್‌ವೆಲ್ಟ್ ರಬ್ಬರ್ ವ್ಯವಹಾರದ ಮುಖ್ಯಸ್ಥನನ್ನಾಗಿ ಮಾಡಿದರು. ಟೈರು ಉಳಿಸಲು ದೇಶವಿಡೀ ಪೆಟ್ರೋಲ್ ರೇಷನ್ ಆಗಲೇಬೇಕು ಎಂದು ಪಟ್ಟುಹಿಡಿದವನೂ ಅವನೇ. ಹಾಗಾಗಿ ಕ್ಯಾಂಟೀನಿಗೆ ಕೋಣೆ ಕೊಟ್ಟವನ ಕೈಯಿಂದಲೇ ಕ್ಯಾಂಟೀನಿಗೆ ಬರುವ ಹೆಂಗಸರ ಕಾರಿಗೆ ಪೆಟ್ರೋಲ್ ಕಡಿತವೂ ಆಯಿತು.

ಆ ಹತ್ತು ನಿಮಿಷದೊಳಗೆ

ಸೇನಾ ರೈಲುಗಳ ಓಡಾಟ ಗುಟ್ಟಿನ ವಿಷಯ. ಯಾವ ಪಡೆ ಎಲ್ಲಿಗೆ ಹೋಗುತ್ತಿದೆ ಎಂದು ಯಾರಿಗೂ ಹೇಳುವಂತಿಲ್ಲ. ಆದರೆ ಮೊದಲೇ ತಿಳಿಯದಿದ್ದರೆ ನೂರಾರು ಜನರಿಗೆ ಕಾಫಿ ಕಾಯಿಸುವುದು ಹೇಗೆ? ಅದಕ್ಕೆ ಒಂದು ಗುಪ್ತ ಮಾತು ಹುಟ್ಟಿಕೊಂಡಿತು. ರೈಲು ಬರುವ ಸುಳಿವು ರೈಲ್ವೆಯವರಿಂದ ಸಿಗುತ್ತಲೇ ‘ಕಾಫಿ ಇಟ್ಟಾಗಿದೆ’ ಎಂಬ ಸಂದೇಶ ಹೋಗುತ್ತಿತ್ತು. ಅಷ್ಟೇ ಸಾಕು. ಬ್ರೆಡ್ಡಿನ ತಟ್ಟೆಗಳು ಮೇಜಿಗೆ ಬರುತ್ತಿದ್ದವು, ಬುಟ್ಟಿ ಹಿಡಿದ ಹುಡುಗಿಯರು ಪ್ಲಾಟ್‌ಫಾರಂಗೆ ಹೋಗುತ್ತಿದ್ದರು.

ರೈಲು ಪೂರ್ತಿ ನಿಲ್ಲುವ ಮೊದಲೇ ಸೈನಿಕರು ಧುಮುಕಿ ಒಳಗೆ ಓಡುತ್ತಿದ್ದರು. ಉದ್ದನೆಯ ಮೇಜು. ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಕೇಕು, ಡೋನಟ್, ಹಾಲು, ಕಾಫಿ. ಮದುವೆಮನೆಯ ಪಂಕ್ತಿಯ ಹಾಗೆ ಒಂದು ಏಳುತ್ತಲೇ ಇನ್ನೊಂದು ಕೂರಬೇಕು, ಆದರೆ ಇಲ್ಲಿ ಕೂರಲೂ ಹೊತ್ತಿಲ್ಲ. ಮೂಲೆಯಲ್ಲಿ ಪಿಯಾನೊ, ಯಾರಾದರೊಬ್ಬ ನುಡಿಸಿದರೆ ಇನ್ನಿಬ್ಬರು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದೇ ಕುಣಿಯುತ್ತಿದ್ದರು. ಪತ್ರಿಕೆಗಳ ರಾಶಿಯಿಂದ ಬೇಕಾದ್ದನ್ನು ಎತ್ತಿಕೊಳ್ಳಬಹುದು. ಇಂದು ಯಾರ ಹುಟ್ಟುಹಬ್ಬ ಎಂದು ಕೇಳುವ ಪದ್ಧತಿ ಇತ್ತು. ಹೌದೆಂದವನಿಗೆ ಇಡೀ ಒಂದು ಕೇಕು, ಅವನ ಕೈಗೆ. ದಿನಕ್ಕೆ ಸರಾಸರಿ ಇಪ್ಪತ್ತು ಕೇಕು ಹೀಗೆ ಹೋಗುತ್ತಿದ್ದವು. ಸುಳ್ಳು ಹೇಳಿ ಕೇಕು ಪಡೆದವರೂ ಇದ್ದಿರಬೇಕು. ಯಾರೂ ವಿಚಾರಣೆ ಮಾಡಲಿಲ್ಲ. ಗಾಯಾಳುಗಳ ಆಸ್ಪತ್ರೆ ರೈಲು ಬಂದರೆ ಹೆಂಗಸರೇ ಬುಟ್ಟಿ ಹೊತ್ತು ಬೋಗಿಯೊಳಗೆ ಹೋಗುತ್ತಿದ್ದರು. ಕೆಲವು ಹುಡುಗಿಯರು ಜೋಳದ ಅರಳಿನ ಉಂಡೆಯೊಳಗೆ ತಮ್ಮ ಹೆಸರು, ವಿಳಾಸದ ಚೀಟಿ ಇಡುತ್ತಿದ್ದರು. ಅದರಿಂದ ಕಾಗದ ಬಂದವು, ಮದುವೆಗಳೂ ಆದವು.

ದಿನಕ್ಕೆ ಮೂರರಿಂದ ಐದು ಸಾವಿರ ಮಂದಿ. ಬೆಳಗ್ಗೆ ಐದಕ್ಕೇ ರೈಲು ಬರಬಹುದು, ನಡುರಾತ್ರಿಯಲ್ಲೂ ಬರಬಹುದು. ರೈಲು ಹೋದ ಕೂಡಲೇ ಪಾತ್ರೆ ತೊಳೆಯಬೇಕು, ಮುಂದಿನದಕ್ಕೆ ಮತ್ತೆ ಬ್ರೆಡ್ ಹೆಚ್ಚಬೇಕು.

ಸರದಿ ಮತ್ತು ಸಕ್ಕರೆ

ರೇ ವಿಲ್ಸನ್‌ಳ ಆರೋಗ್ಯ ಕೆಟ್ಟು ಅವಳು ಬಿಡಬೇಕಾದಾಗ ಹೆಲೆನ್ ಕ್ರಿಸ್ಟ್ ಎಂಬಾಕೆ ಮುಂದೆ ಬಂದರು. ಆಕೆಯ ಗಂಡ ರೈಲ್ವೆಯಲ್ಲೇ ಕೆಲಸದಲ್ಲಿದ್ದವರು. ಆರಂಭಿಸಿದವಳು ಹೋದ ಮೇಲೂ ಕೆಲಸ ಒಂದು ದಿನ ನಿಲ್ಲಲಿಲ್ಲ ಎಂಬುದನ್ನು ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮುಖ್ಯವೆಂದು ಎಣಿಸುತ್ತೇನೆ. ಅಷ್ಟು ಹೊತ್ತಿಗೆ ಅದು ಒಬ್ಬಳ ಕನಸಾಗಿ ಉಳಿದಿರಲಿಲ್ಲ.

ಸುತ್ತಲಿನ 125 ಊರುಗಳು ಇದರಲ್ಲಿ ಸೇರಿದವು. ಕೆಲವು ಕೊಲರಾಡೊ ರಾಜ್ಯದವು. ತಿಂಗಳಲ್ಲಿ ಇಂಥ ದಿನ ಇಂಥ ಊರಿನ ಸರದಿ, ಇಂಥ ಚರ್ಚಿನವರದು, ಇಂಥ ಸಂಘದ್ದು ಎಂದು ಗೊತ್ತುಮಾಡಿದ್ದರು. ಸರದಿಯ ದಿನ ಆ ಊರಿನ ಹೆಂಗಸರು ಮನೆಯಲ್ಲೇ ಮಾಡಿದ್ದನ್ನೆಲ್ಲ ಹೊತ್ತು ಬೆಳಗಿನ ಜಾವವೇ ಹೊರಡುತ್ತಿದ್ದರು. ನೂರು ಮೈಲಿಗೂ ಹೆಚ್ಚು ದೂರದಿಂದ ಬಂದವರಿದ್ದರು. ರೇಷನ್ ಪೆಟ್ರೋಲನ್ನು ಇದಕ್ಕೆಂದೇ ಉಳಿಸಿ, ಒಂದೇ ಕಾರಿನಲ್ಲಿ ಹಿಡಿಸುವಷ್ಟು ಜನ ತುಂಬಿಕೊಂಡು ಬರುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಹೀಗೆ ದುಡಿದವರು ಸುಮಾರು 55,000.

ಸರದಿಯಿಂದ ಎರಡು ಲಾಭವಾಯಿತು. ಯಾರಿಗೂ ದಿನಾ ದುಡಿಯುವ ಹೊರೆ ಇಲ್ಲ, ಹಾಗಾಗಿ ಯಾರೂ ಸೋತು ಕೈಚೆಲ್ಲಲಿಲ್ಲ. ಎರಡನೆಯದು, ಒಂದೇ ಅಡುಗೆಮನೆಯ ಸಕ್ಕರೆ ಖಾಲಿಯಾಗಲಿಲ್ಲ. 1942ರ ಮೇ ತಿಂಗಳಲ್ಲಿ ಸಕ್ಕರೆಗೆ ರೇಷನ್ ಬಂತು, ನವೆಂಬರಿನಲ್ಲಿ ಕಾಫಿಗೆ, 1943ರ ಮಾರ್ಚಿನಲ್ಲಿ ಮಾಂಸ, ಬೆಣ್ಣೆ, ಚೀಸಿಗೆ. ಹುಟ್ಟುಹಬ್ಬದ ಕೇಕು ಎಲ್ಲಿಂದ? ಮನೆಮನೆಯವರು ತಮ್ಮ ಪಾಲಿನ ಸಕ್ಕರೆ ಬಿಟ್ಟುಕೊಟ್ಟರು, ಮಕ್ಕಳು ಸಿಹಿಯಿಲ್ಲದೆ ಉಂಡರು. ಇದು ಹೊಲ, ಕೋಳಿ, ಹಸುವಿನ ಸೀಮೆ ಆದದ್ದರಿಂದ ಮೊಟ್ಟೆ, ಹಾಲು, ಕೆನೆಗೆ ಕೊರತೆಯಿರಲಿಲ್ಲ. ಮಾಂಸಕ್ಕೆ ದಾರಿ ಹೊಲದಲ್ಲೇ ಸಿಕ್ಕಿತು. ಆ ಕಡೆ ಫೆಸೆಂಟ್ ಹಕ್ಕಿ ಹೇರಳ. ಬೇಟೆಯಾಡಿದ್ದಕ್ಕೆ ರೇಷನ್ ಚೀಟಿ ಬೇಡ. ಫೆಸೆಂಟ್ ಸ್ಯಾಂಡ್‌ವಿಚ್ ಈ ಕ್ಯಾಂಟೀನಿನ ಹೆಸರಾಯಿತು. ಎಷ್ಟೋ ಸೈನಿಕರಿಗೆ ದಶಕಗಳ ಮೇಲೂ ಅದರ ರುಚಿ ನೆನಪಿತ್ತು.

ಸರಕಾರದ ಅನುದಾನ ಇರಲಿಲ್ಲ. ಹಳೇ ಕಬ್ಬಿಣ ಮಾರಿದರು, ನೃತ್ಯಕೂಟ ಇಟ್ಟರು, ಹರಾಜು ಹಾಕಿದರು. ಹನ್ನೆರಡರ ಹರೆಯದ ಹುಡುಗನೊಬ್ಬ ದನದ ಹರಾಜಿನ ಕಟ್ಟೆಯಲ್ಲಿ ತೊಟ್ಟ ಅಂಗಿಯನ್ನೇ ಹರಾಜಿಗಿಟ್ಟು ಹಣ ಕೊಟ್ಟ, ಅದೂ ಮತ್ತೆ ಮತ್ತೆ. ರೂಸ್‌ವೆಲ್ಟ್ ತಮ್ಮ ಕೈಯಿಂದ ಐದು ಡಾಲರ್ ಕಳಿಸಿದರು.

1965ರ ಯುದ್ಧದಲ್ಲಿ ಪಂಜಾಬಿನ ಹಳ್ಳಿಗರು ಗಡಿಗೆ ಹೋಗುವ ನಮ್ಮ ಸೈನಿಕರಿಗೆ ರೊಟ್ಟಿ, ಹಾಲು ಹೊತ್ತು ತಂದದ್ದನ್ನು ನಾವು ಇಂದಿಗೂ ಅಭಿಮಾನದಿಂದ ನೆನೆಯುತ್ತೇವೆ. ಆ ಯುದ್ಧ ವಾರಗಳಲ್ಲಿ ಮುಗಿಯಿತು. ವರ್ಷಗಟ್ಟಲೆ ಎಳೆದಿದ್ದರೆ ಅಲ್ಲಿಯೂ ಸರದಿ, ಲೆಕ್ಕ, ಉಗ್ರಾಣ ಎಲ್ಲ ಬೇಕಾಗುತ್ತಿತ್ತು.

ಇನ್ನೊಂದು ನಿಲ್ದಾಣ

ನಾರ್ತ್ ಪ್ಲ್ಯಾಟ್ ಒಂದನ್ನೇ ನೋಡಿದರೆ ಆ ಕಾಲದ ರೈಲುಗಳ ಚಿತ್ರ ಪೂರ್ತಿಯಾಗದು. ಒಹಾಯೊ ರಾಜ್ಯದ ಡೆನಿಸನ್‌ನಲ್ಲೂ ಇಂಥದೇ ಕ್ಯಾಂಟೀನು 13 ಲಕ್ಷ ಸೈನಿಕರನ್ನು ಉಪಚರಿಸಿತು, ನಿಜ. ಆದರೆ 1942ರಲ್ಲಿ ಜಪಾನಿ ಮೂಲದ ಸುಮಾರು 1,20,000 ಮಂದಿಯನ್ನು, ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ, ಪಶ್ಚಿಮ ಕರಾವಳಿಯಿಂದ ಹೊರಹಾಕಿ ಶಿಬಿರಗಳಲ್ಲಿ ಕೂಡಿಹಾಕಿದರು. ಕಿಟಕಿಯ ಪರದೆ ಇಳಿಸಿದ ಬೋಗಿಗಳಲ್ಲಿ ಅವರನ್ನು ಸಾಗಿಸಿದ್ದೂ ಇದೇ ದೇಶದ ರೈಲುಗಳು.

1944ರ ಏಪ್ರಿಲ್ 28ರ ‘ಯಾಂಕ್’ ಎಂಬ ಸೇನಾ ಪತ್ರಿಕೆಯಲ್ಲಿ ಕಾರ್ಪೊರಲ್ ರೂಪರ್ಟ್ ಟ್ರಿಮಿಂಗ್‌ಹ್ಯಾಮ್ ಬರೆದ ಪತ್ರ ಅಚ್ಚಾಯಿತು. ಅವನೂ ಅವನ ಜೊತೆಗಿದ್ದ ಎಂಟು ಮಂದಿಯೂ ಕಪ್ಪು ಸೈನಿಕರು. ಲೂಸಿಯಾನದ ಶಿಬಿರದಿಂದ ಅರಿಜೋನದ ಆಸ್ಪತ್ರೆಗೆ ಹೊರಟಿದ್ದರು. ದಾರಿಯಲ್ಲಿ ರೈಲು ಬದಲಿಸಲು ಕಾಯಬೇಕಾಯಿತು. ಊರಿನಲ್ಲಿ ಅವರಿಗೆ ಒಂದು ಲೋಟ ಕಾಫಿ ಕೊಡುವವರಿಲ್ಲ. ಕೊನೆಗೆ ರೈಲು ನಿಲ್ದಾಣದ ಊಟದ ಕೋಣೆಯವರು ಹಿಂಬಾಗಿಲಿನಿಂದ ಅಡುಗೆಮನೆಗೆ ಹೋಗಿ ತಿನ್ನಿ ಎಂದರು. ಆಮೇಲೆ ಅದೇ ಕೋಣೆಗೆ ಸುಮಾರು ಇಪ್ಪತ್ತನಾಲ್ಕು ಜರ್ಮನ್ ಯುದ್ಧಕೈದಿಗಳು ಕಾವಲುಗಾರರೊಂದಿಗೆ ಬಂದರು. ಮೇಜಿನ ಮುಂದೆ ಕೂತು ಊಟ ಮಾಡಿದರು, ಸಿಗರೇಟು ಸೇದಿದರು, ನಕ್ಕು ಮಾತಾಡಿದರು. ಕಪ್ಪು ಸೈನಿಕ ಹೋರಾಡುತ್ತಿರುವುದು ಯಾತಕ್ಕಾಗಿ ಎಂದು ಟ್ರಿಮಿಂಗ್‌ಹ್ಯಾಮ್ ಕೇಳಿದ. ಅವನ ಪರವಾಗಿ ಕಾಗದಗಳು ಬಂದು ಬಿದ್ದವು. ಬರೆದವರಲ್ಲಿ ಬಿಳಿಯ ಸೈನಿಕರೂ ಬಹಳ ಮಂದಿ ಇದ್ದರು.

ನಾರ್ತ್ ಪ್ಲ್ಯಾಟಿನಲ್ಲಿ ಕಪ್ಪು ಸೈನಿಕರಿಗೂ ಬಿಳಿಯರಿಗೂ ಒಂದೇ ಕ್ಯಾಂಟೀನು. ಎರಡೂ ಕಡೆ ಇದ್ದದ್ದು ರೈಲು ನಿಲ್ದಾಣದ ಊಟದ ಕೋಣೆಯೇ, ಬಂದದ್ದು ಒಂದೇ ಸಮವಸ್ತ್ರದ ಹಸಿದ ಹುಡುಗರೇ. ಟ್ರಿಮಿಂಗ್‌ಹ್ಯಾಮ್ ಕಾದ ಊರಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಹೇಳುವ ಕಟ್ಟಳೆ ಮೊದಲೇ ಇತ್ತು. ಕೋಣೆಯವನು ಅದನ್ನು ಪಾಲಿಸಿದ. ನಾರ್ತ್ ಪ್ಲ್ಯಾಟಿನ ಹೆಂಗಸರು ತಮ್ಮ ಕಟ್ಟಳೆಯನ್ನು ತಾವೇ ಮಾಡಿಕೊಂಡರು: ಇಳಿದವರಿಗೆಲ್ಲ. ಏರ್ಪಾಟು ಎಂದು ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಇದನ್ನೂ ಸೇರಿಸಬೇಕು. ಯಾರಿಗೆ ಕೊಡಬೇಕೆಂಬ ಪ್ರಶ್ನೆ ಪ್ರತಿ ರೈಲಿಗೂ ಹೊಸದಾಗಿ ಏಳದಂತೆ ಅವರು ನೋಡಿಕೊಂಡರು. ಬಹುಶಃ ಕ್ಯಾನ್ಸಸ್‌ನ ಹುಡುಗರಿಗೆ ಕೊಟ್ಟ ಆ ಸಂಜೆಯೇ ಅದು ತೀರ್ಮಾನವಾಗಿತ್ತು.

ಮುಗಿದ ಬಗೆ

1945ರ ಬೇಸಿಗೆಯಲ್ಲಿ ಜರ್ಮನಿ ಸೋತಿತ್ತು, ಜಪಾನ್ ಇನ್ನೂ ಸೋತಿರಲಿಲ್ಲ. ಯೂರೋಪಿನಿಂದ ಮರಳಿದ ಪಡೆಗಳನ್ನು ದೇಶ ದಾಟಿಸಿ ಪೆಸಿಫಿಕ್ ಬಂದರುಗಳಿಗೆ ಒಯ್ಯಬೇಕಿತ್ತು. ರೈಲುಗಳ ಮೇಲೆ ಅತಿ ಹೆಚ್ಚು ಭಾರ ಬಿದ್ದದ್ದು ಆಗಲೇ. ಜುಲೈ 15ರಿಂದ 450 ಮೈಲಿಗಿಂತ ಕಡಿಮೆ ದೂರದ ಪ್ರಯಾಣಕ್ಕೆ ಮಲಗುವ ಬೋಗಿಯೇ ಇಲ್ಲವೆಂದು ಆಜ್ಞೆಯಾಯಿತು. ಆಗಸ್ಟಿನಲ್ಲಿ ಜಪಾನ್ ಶರಣಾದ ಮೇಲೆ ಮನೆಗೆ ಮರಳುವವರ ಸಾಲು ಶುರುವಾಗಿ ಮುಂದಿನ ವಸಂತದವರೆಗೂ ನಡೆಯಿತು. ಕ್ಯಾಂಟೀನು ಅವರನ್ನೆಲ್ಲ ಉಪಚರಿಸಿಯೇ 1946ರ ಏಪ್ರಿಲ್ 1ರಂದು ಬಾಗಿಲು ಹಾಕಿತು.

ಇನ್ನೊಂದು ಹತ್ತು ಹದಿನೈದು ವರ್ಷದಲ್ಲಿ ಉಗಿ ಎಂಜಿನ್ನುಗಳು ಹೋಗಿ ಡೀಸೆಲ್ ಬಂತು. ನೀರು ತುಂಬುವ ನಿಲುಗಡೆಯೇ ಬೇಕಿಲ್ಲದಾಯಿತು, ಸೈನಿಕರೂ ವಿಮಾನ ಹತ್ತತೊಡಗಿದರು. 1971ರಲ್ಲಿ ಆ ಊರಿಗೆ ಪ್ರಯಾಣಿಕರ ರೈಲು ನಿಂತಿತು, 1973ರಲ್ಲಿ ಕಂಪನಿ ನಿಲ್ದಾಣದ ಕಟ್ಟಡವನ್ನು ಕೆಡವಿತು. ಗೂಡ್ಸ್ ರೈಲುಗಳ ದೊಡ್ಡ ಯಾರ್ಡ್ ಮಾತ್ರ ಅಲ್ಲಿ ಇಂದಿಗೂ ಹಗಲೂ ರಾತ್ರಿ ಕೆಲಸ ಮಾಡುತ್ತಿದೆ.